ರೂಮ್‌ಮೇಟ್ ಮಾಡುವ ಡಯಟ್ ನಾನೂ ಮಾಡಬೇಕಾ?

ಪ್ರಶ್ನೆ: ನನಗೆ 26 ವರ್ಷ. ಊರು ನಾಗಮಂಗಲದ ಹತ್ತಿರ. ಬೆಂಗಳೂರಿನಲ್ಲಿ ಕೆಲಸ. ನಾಲ್ಕು ಜನ ಹುಡುಗಿಯರು ಸೇರಿ ಎರಡು ಬೆಡ್‌ರೂಮಿನ ಮನೆ ಮಾಡಿದ್ದೇವೆ. ವಿಜಯಪುರದ ಗೆಳತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪಿಸಿಒಡಿ (ಅಂಡಾಶಯ, ಹಾರ್ಮೋನಿನ ತೊಂದರೆ) ಇದೆ ಅಂತ ಕೀಟೋ ಮಾಡುತ್ತಿದ್ದಾಳೆ. ಅಂದರೆ ಅನ್ನ, ರೊಟ್ಟಿಯಂಥ ಕಾರ್ಬ್ (ಪಿಷ್ಟ, ಸಕ್ಕರೆ) ಬಹುತೇಕ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಡಯಟ್. ಮಂಗಳೂರಿನವಳು ಮಧ್ಯಾಹ್ನ 12ರಿಂದ ರಾತ್ರಿ 8ರ ಒಳಗೆ ಮಾತ್ರ ತಿನ್ನುತ್ತಾಳೆ. ದಾವಣಗೆರೆಯವಳು ಜಿಮ್‌ಗೆ ಹೋಗುತ್ತಾಳೆ. ದಿನಕ್ಕೆ ಆರು ಮೊಟ್ಟೆ, ಚಿಕನ್, ಪ್ರೋಟೀನ್ ಪುಡಿ. ನಾನು ಮುದ್ದೆ, ಸಾರು ತಿಂದು ಬೆಳೆದವಳು. ‘ಬರೀ ಕಾರ್ಬ್ ತಿಂತೀಯಲ್ಲೇ’ ಅಂತ ಮೂವರೂ ಹೇಳಿ ಹೇಳಿ, ನಾಲ್ಕು ತಿಂಗಳಿಂದ ಬೆಳಗಿನ ತಿಂಡಿ ಬಿಟ್ಟೆ. ಅನ್ನ, ಮುದ್ದೆ ಬಿಟ್ಟೆ. ಸಂಜೆ ಗೆಳತಿಯ ಪುಡಿಯಲ್ಲೇ ಒಂದು ಸ್ಕೂಪ್ ಕಲಸಿ ಕುಡಿಯುತ್ತೇನೆ. ಎತ್ತರ 158 ಸೆಂ.ಮೀ. ತೂಕ 54 ಕೆಜಿ ಇತ್ತು, ಈಗ 51. ಆದರೆ ಮಧ್ಯಾಹ್ನ ತಲೆನೋವು. ರಾತ್ರಿ 11ಕ್ಕೆ ಬಿಸ್ಕತ್ತು, ಚಿಪ್ಸ್, ಕೈಗೆ ಸಿಕ್ಕಿದ್ದನ್ನು ಯಾರಿಗೂ ಗೊತ್ತಾಗದ ಹಾಗೆ ತಿನ್ನುತ್ತೇನೆ. ಕೂದಲು ಉದುರುತ್ತಿದೆ. ಮುಟ್ಟು ಎರಡು ಸಲ ತಡವಾಗಿದೆ. ಇದರ ಜತೆಗೆ ದಿನಸಿ ಖರ್ಚು, ಮೀನಿನ ವಾಸನೆ ಅಂತ ಮನೆಯಲ್ಲಿ ಜಗಳ. ಯಾರ ಡಯಟ್ ಸರಿ? ಮುದ್ದೆ ನಿಜವಾಗಲೂ ದಪ್ಪ ಮಾಡುತ್ತಾ? ಒಂದೇ ಅಡುಗೆಮನೆಯಲ್ಲಿ ಇದನ್ನೆಲ್ಲ ಹೇಗೆ ನಿಭಾಯಿಸುವುದು?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ಎತ್ತರ 1.58 ಮೀಟರ್. 54ನ್ನು 1.58ರಿಂದ ಭಾಗಿಸಿ, ಬಂದದ್ದನ್ನು ಇನ್ನೊಮ್ಮೆ 1.58ರಿಂದ ಭಾಗಿಸಿದರೆ 21.6 ಬರುತ್ತದೆ. ಇದೇ ಬಿಎಂಐ, ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ. ನಮ್ಮ ಕಡೆಯವರಿಗೆ ಇದು 18.5ರಿಂದ 22.9ರ ಒಳಗಿದ್ದರೆ ಸರಿ. 23 ದಾಟಿದರೆ ತೂಕ ಜಾಸ್ತಿ ಅನ್ನುತ್ತೇವೆ. ಅಂದರೆ ನೀವು ಡಯಟ್ ಶುರು ಮಾಡಿದ ದಿನ ನಿಮಗೆ ಇಳಿಸಬೇಕಾದ ತೂಕವೇ ಇರಲಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ನಾನು ಸಣ್ಣ ಆಗಬೇಕು’ ಅನ್ನುವ ಮಾತು ಎಲ್ಲೂ ಇಲ್ಲ. ಮೂವರು ಹೇಳಿದರು, ನೀವು ಬಿಟ್ಟಿರಿ, ಅಷ್ಟೇ.

ಎರಡನೆಯದು, ನೀವು ಮಾಡುತ್ತಿರುವುದು ಡಯಟ್ ಅಲ್ಲ. ಮಂಗಳೂರಿನ ಗೆಳತಿಯಿಂದ ತಿಂಡಿ ಬಿಡುವುದನ್ನು ತೆಗೆದುಕೊಂಡಿರಿ. ವಿಜಯಪುರದ ಗೆಳತಿಯಿಂದ ಅನ್ನ, ಮುದ್ದೆ ಬಿಡುವುದನ್ನು. ದಾವಣಗೆರೆಯವರಿಂದ ಪುಡಿಯನ್ನು. ಆದರೆ ಅವರು ಬಿಟ್ಟ ಜಾಗದಲ್ಲಿ ಏನನ್ನೋ ತುಂಬಿಸುತ್ತಾರಲ್ಲ, ಅದನ್ನು ನೀವು ತೆಗೆದುಕೊಳ್ಳಲಿಲ್ಲ. ತಿಂಡಿ ಬಿಟ್ಟವರು ಮಧ್ಯಾಹ್ನ 12ಕ್ಕೆ ಹೊಟ್ಟೆ ತುಂಬ ಉಣ್ಣುತ್ತಾರೆ. ಅನ್ನ ಬಿಟ್ಟವರು ಪನೀರು, ಬೆಣ್ಣೆ, ಬಾದಾಮಿ ತಿನ್ನುತ್ತಾರೆ. ಪುಡಿ ಕುಡಿಯುವವರು ಅದಕ್ಕೂ ಮೊದಲು ಒಂದು ಗಂಟೆ ಭಾರ ಎತ್ತಿರುತ್ತಾರೆ. ನಿಮ್ಮ ತಟ್ಟೆಯಲ್ಲಿ ಮೂವರ ಕಷ್ಟ ಮಾತ್ರ ಬಂದು ಕೂತಿದೆ.

ರಾತ್ರಿ 11ರ ಬಿಸ್ಕತ್ತು ಅಲ್ಲಿಂದಲೇ ಬಂದದ್ದು. ಇದು ನಾಲಿಗೆ ಚಪಲ ಅಲ್ಲ, ಮನಸ್ಸು ಗಟ್ಟಿ ಇಲ್ಲ ಅಂತಲೂ ಅಲ್ಲ. ಹಿಂದಿನ ರಾತ್ರಿ ತಿಂದದ್ದೇ ಕೊನೆ, ಮರುದಿನ ಮಧ್ಯಾಹ್ನದವರೆಗೆ ಖಾಲಿ, ಮಧ್ಯಾಹ್ನ ಒಂದಿಷ್ಟು ಪಲ್ಯ, ಸಂಜೆ ಒಂದು ಸ್ಕೂಪ್. ಒಂದು ಸ್ಕೂಪಿನಲ್ಲಿ ಬಹಳ ಅಂದರೆ 120 ಕ್ಯಾಲೊರಿ ಇರುತ್ತದೆ. ಮೈಗೆ ಬೇಕಾದದ್ದು ಹಗಲಿನಲ್ಲಿ ಸಿಗಲಿಲ್ಲ ಅಂದರೆ ಅದು ರಾತ್ರಿ ಎಬ್ಬಿಸಿ ವಸೂಲಿ ಮಾಡುತ್ತದೆ. ವಸೂಲಿಗೆ ಬಂದವನು ಕೋಸಂಬರಿ ಕೇಳುವುದಿಲ್ಲ, ಸಕ್ಕರೆ ಮತ್ತು ಎಣ್ಣೆಯನ್ನೇ ಕೇಳುತ್ತಾನೆ.

ಮೂರು ಕೆಜಿ ಇಳಿದದ್ದರ ಬಗ್ಗೆಯೂ ಹೇಳಿಬಿಡುತ್ತೇನೆ. ನಾವು ತಿಂದ ಅನ್ನ, ಮುದ್ದೆಯ ಒಂದು ಪಾಲು ಗ್ಲೈಕೊಜೆನ್ ಆಗಿ ಲಿವರ್ ಮತ್ತು ಮಾಂಸಖಂಡಗಳಲ್ಲಿ ಕೂರುತ್ತದೆ. ಪ್ರತಿ ಗ್ರಾಂ ಗ್ಲೈಕೊಜೆನ್ ತನ್ನ ಜತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಅನ್ನ ಬಿಟ್ಟ ಮೊದಲ ವಾರ ಈ ದಾಸ್ತಾನು ಕರಗಿ, ನೀರೂ ಹೊರಗೆ ಹೋಗುತ್ತದೆ. ತೂಕದ ಯಂತ್ರ ನೋಡಿ ಖುಷಿ ಆಗುವುದು ಆ ವಾರವೇ. ಕೀಟೋ ಮಾಡುವ ಎಲ್ಲರೂ ಮೊದಲ ವಾರದ ಕತೆಯನ್ನೇ ಎಲ್ಲರಿಗೂ ಹೇಳುವುದು ಇದಕ್ಕೇ.

ಈಗ ಗೆಳತಿಯರ ವಿಷಯ. ಅವರು ಮಾಡುತ್ತಿರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರವರಿಗೆ ಅವರವರ ಕಾರಣ ಇದೆ.

ಕೀಟೋ ತೂಕ ಇಳಿಸಲು ಹುಟ್ಟಿದ ಊಟವೇ ಅಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಎಂಬ ವೈದ್ಯರು ಮೂರ್ಛೆ ರೋಗಕ್ಕೆ ಅಂತ ಅದನ್ನು ರೂಪಿಸಿದರು. ಉಪವಾಸ ಇದ್ದಾಗ ಫಿಟ್ಸ್ ಕಡಿಮೆ ಆಗುವುದು ಆಗಲೇ ಗೊತ್ತಿತ್ತು. ಆದರೆ ರೋಗಿಯನ್ನು ಎಷ್ಟು ದಿನ ಉಪವಾಸ ಇಡಲು ಸಾಧ್ಯ? ಹಾಗಾಗಿ ಹೊಟ್ಟೆಗೆ ಕೊಬ್ಬು ಕೊಟ್ಟು, ಮೈಗೆ ಉಪವಾಸದ ಸ್ಥಿತಿ ತರುವ ಉಪಾಯ. ಇಂದಿಗೂ ಔಷಧಿಗೆ ಬಗ್ಗದ ಮೂರ್ಛೆಗೆ ಮಕ್ಕಳ ವೈದ್ಯರು ಇದನ್ನು ಬಳಸುತ್ತಾರೆ. ಇದರಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೊಹೈಡ್ರೇಟ್ ಮಾತ್ರ. ಪಿಸಿಒಡಿಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಇರುವುದು ಜಾಸ್ತಿ. ತೂಕ ಸ್ವಲ್ಪ ಇಳಿದರೂ ಹಲವರಿಗೆ ಮುಟ್ಟು ಸರಿಹೋಗುತ್ತದೆ. ಆದ್ದರಿಂದ ವಿಜಯಪುರದ ಗೆಳತಿ ಕೆಲವು ತಿಂಗಳು ಇದನ್ನು ಮಾಡುವುದರಲ್ಲಿ ಅರ್ಥ ಇದೆ, ವೈದ್ಯರು ನೋಡುತ್ತಿದ್ದರೆ. ಮೊಟ್ಟೆಯೂ ಇಲ್ಲದ ಕೀಟೋ ಕಷ್ಟ. ಕಾಳು, ಬೇಳೆ ತಿನ್ನುವ ಹಾಗಿಲ್ಲ, ರೊಟ್ಟಿ ಇಲ್ಲ. ಉಳಿದದ್ದು ಪನೀರು, ಚೀಸು, ಸೊಪ್ಪು, ಎಣ್ಣೆಬೀಜ. ಮಲಬದ್ಧತೆ ಮೊದಲು ಬರುತ್ತದೆ. ಕೊಲೆಸ್ಟರಾಲ್ ಮೂರು ತಿಂಗಳಿಗೊಮ್ಮೆ ನೋಡಿಸಬೇಕು. ಸಕ್ಕರೆ ಕಾಯಿಲೆಗೆ ಹೆಸರಿನ ಕೊನೆಯಲ್ಲಿ ‘ಗ್ಲಿಫ್ಲೋಜಿನ್’ ಅಂತ ಇರುವ ಮಾತ್ರೆ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ಕೀಟೋ ಹತ್ತಿರವೂ ಹೋಗಬಾರದು. ರಕ್ತ ಆಮ್ಲೀಯವಾಗಿ ಐಸಿಯು ಸೇರಬೇಕಾಗಬಹುದು. ಇದನ್ನು ಅವರಿಗೆ ತೋರಿಸಿ.

ಒಂದು ಕುತೂಹಲ ಮಾತ್ರ ಉಳಿಯುತ್ತದೆ. ವಿಜಯಪುರದ ಅಮ್ಮ ಡಬ್ಬಿಗಟ್ಟಲೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸದೆ ಇರುವುದಿಲ್ಲ. ಅದೂ ಮಾಲ್ದಂಡಿ ಜೋಳದ್ದು. ಮಗಳು ತಿನ್ನುವುದಿಲ್ಲ. ಹಾಗಾದರೆ ಡಬ್ಬಿ ಖಾಲಿ ಮಾಡುತ್ತಿರುವವರು ಯಾರು? ನೀವೇ ಆಗಿದ್ದರೆ ಒಳ್ಳೆಯದೇ ಆಯಿತು.

ಮಂಗಳೂರಿನವರ 16 ಗಂಟೆ ಉಪವಾಸ, 8 ಗಂಟೆ ಊಟದ ಬಗ್ಗೆ ತುಂಬಾ ಮಾತಿದೆ. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ದಪ್ಪ ಇರುವವರನ್ನು ಒಂದು ವರ್ಷ ನೋಡಿದರು. ಎಲ್ಲರಿಗೂ ಊಟವನ್ನು ಒಂದೇ ಲೆಕ್ಕದಲ್ಲಿ ಕಡಿಮೆ ಮಾಡಿಸಿದರು. ಅರ್ಧ ಜನಕ್ಕೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ತಿನ್ನಬೇಕು ಎಂಬ ಗಡುವು. ವರ್ಷದ ಕೊನೆಗೆ ಗಡುವು ಇದ್ದವರು ಸರಾಸರಿ 8 ಕೆಜಿ, ಇಲ್ಲದವರು 6.3 ಕೆಜಿ ಇಳಿದಿದ್ದರು. ಸಂಖ್ಯಾಶಾಸ್ತ್ರದ ಪ್ರಕಾರ ಆ ವ್ಯತ್ಯಾಸ ಗಟ್ಟಿ ಅಲ್ಲ. ಅಂದರೆ ಕೆಲಸ ಮಾಡಿದ್ದು ಮುಖ್ಯವಾಗಿ ಕಡಿಮೆ ತಿಂದದ್ದು, ಗಡಿಯಾರ ಅಲ್ಲ. ಕೆಲವರಿಗೆ ಗಡಿಯಾರ ಇದ್ದರೆ ಕಡಿಮೆ ತಿನ್ನುವುದು ಸುಲಭ, ಅಷ್ಟೇ ಅದರ ಉಪಯೋಗ. ನಿಮ್ಮ ಗೆಳತಿಯ ಕೆಲಸ ಎಷ್ಟು ಹೊತ್ತಿಗೆ ಶುರು ಅಂತ ನೀವು ಬರೆದಿಲ್ಲ. ಮಧ್ಯಾಹ್ನದ ಶಿಫ್ಟ್ ಇದ್ದು ಬೆಳಿಗ್ಗೆ 9ಕ್ಕೆ ಏಳುವವರಾದರೆ ಅವರಿಗೆ ಇದು ಸಲೀಸು. 6ಕ್ಕೆ ಎದ್ದು 8ಕ್ಕೆ ಬಸ್ಸು ಹಿಡಿಯುವವರಿಗೆ ಅದೇ ನಿಯಮ ಶಿಕ್ಷೆ. ಮಧ್ಯಾಹ್ನದ ತಲೆನೋವಿಗೆ ಬೇರೆ ಕಾರಣ ಹುಡುಕುವ ಮೊದಲು ಇದನ್ನು ನೋಡಿ.

ನಮಗೇನು ಉಪವಾಸ ಹೊಸದಾ? ಏಕಾದಶಿ, ಸಂಕಷ್ಟಿ, ರಂಜಾನ್, ಶನಿವಾರ ಒಪ್ಪೊತ್ತು. ಆದರೆ ಸಂಕಷ್ಟಿ ತಿಂಗಳಿಗೆ ಒಂದು ಸಲ ಬಂದು ಹೋಗುತ್ತದೆ. ಅವತ್ತು ಚಂದ್ರ ನೋಡಿದ ಮೇಲೆ ಮನೆಯವರೆಲ್ಲ ಕೂತು ಉಣ್ಣುತ್ತಾರೆ. ಯಾರೂ ಕತ್ತಲಲ್ಲಿ ನಿಂತು ಚಿಪ್ಸ್ ತಿನ್ನುವುದಿಲ್ಲ.

ದಾವಣಗೆರೆಯವರದ್ದು ನೇರವಾದ ವಿಷಯ. ಭಾರ ಎತ್ತುವವರಿಗೆ ತೂಕದ ಪ್ರತಿ ಕೆಜಿಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ಅವರು ತಿನ್ನಲಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳದೆ ಬೇಡ. ಪುಡಿ ಡಬ್ಬಿಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯಾ ನೋಡಲಿ. ಜಿಮ್‌ನಲ್ಲಿ ಯಾರೋ ಬಿಡಿಯಾಗಿ ಕವರಿನಲ್ಲಿ ಕೊಡುವುದನ್ನು ತರುವುದು ಬೇಡ.

ಹಾಗಾದರೆ ಯಾರ ಡಯಟ್ ಸರಿ? 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೊಫರ್ ಗಾರ್ಡ್‌ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಕಾರ್ಬ್ ಕಡಿಮೆ. ಒಂದು ವರ್ಷ ಆದ ಮೇಲೆ ಮೊದಲ ಗುಂಪು ಸರಾಸರಿ 5.3 ಕೆಜಿ, ಎರಡನೆಯದು 6 ಕೆಜಿ ಇಳಿದಿತ್ತು. ಹೆಚ್ಚುಕಡಿಮೆ ಒಂದೇ. ನನಗೆ ಇಷ್ಟವಾದದ್ದು ಇನ್ನೊಂದು ವಿಷಯ. ಎರಡೂ ಗುಂಪಿನಲ್ಲಿ ತುಂಬಾ ಇಳಿದವರೂ ಇದ್ದರು, ಇಳಿಯುವುದಿರಲಿ, ಏರಿದವರೂ ಇದ್ದರು. ಎರಡೂ ಗುಂಪಿಗೆ ಹೇಳಿದ್ದ ಒಂದೇ ಮಾತು: ಸಕ್ಕರೆ, ಮೈದಾ ಬಿಡಿ, ತರಕಾರಿ ಜಾಸ್ತಿ ತಿನ್ನಿ. ನನ್ನ ಕ್ಲಿನಿಕ್ಕಿಗೆ ಬರುವವರಲ್ಲೂ ನಾನು ನೋಡಿದ್ದು ಇದನ್ನೇ. ಅವರ ಅಮ್ಮ ಮಾಡುವ ಅಡುಗೆಗೆ ಹತ್ತಿರ ಇರುವ ಬದಲಾವಣೆ ಉಳಿಯುತ್ತದೆ. ದೂರದ್ದು ಹಬ್ಬ ಬರುವವರೆಗೆ. ದಾವಣಗೆರೆಯವರು ಊರಿಗೆ ಹೋದಾಗ ಬೆಣ್ಣೆ ದೋಸೆ ಬಿಟ್ಟು ಬರುತ್ತಾರಾ, ಕೇಳಿ ನೋಡಿ.

ಇನ್ನು ಮುದ್ದೆ. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಿಮಗೆ ಬೇಜಾರಾಗಿರುವುದು ಇಲ್ಲೇ ಅಂತ ನನಗೆ ಅನಿಸಿತು.

100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 7 ಗ್ರಾಂ ಪ್ರೋಟೀನ್, 67 ಗ್ರಾಂ ಕಾರ್ಬೊಹೈಡ್ರೇಟ್, 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಇದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಅಂಕಿ. ಮನೆಯಲ್ಲಿ ಮಾಡುವ ಮಧ್ಯಮ ಗಾತ್ರದ ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಅಂದುಕೊಳ್ಳೋಣ. ಅದರಲ್ಲಿ 240 ಕ್ಯಾಲೊರಿ. ಎರಡು ಚಪಾತಿಗೆ ಎಣ್ಣೆ ಸವರಿದರೆ ಅಷ್ಟೇ ಆಗುತ್ತದೆ. ಕ್ಯಾಲ್ಸಿಯಂ ಸುಮಾರು 270 ಮಿಲಿಗ್ರಾಂ. ನಿಮಗೆ ದಿನಕ್ಕೆ ಬೇಕಾದ 1000 ಮಿಲಿಗ್ರಾಂನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ. ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ. ಅಕ್ಕಿಯಲ್ಲಂತೂ ಲೆಕ್ಕಕ್ಕೆ ಸಿಗುವಷ್ಟೂ ಇಲ್ಲ.

ಈಗ ಕಾರ್ಬ್ ನೋಡಿ. 75 ಗ್ರಾಂ ಹಿಟ್ಟಿನಲ್ಲಿ ಸುಮಾರು 50 ಗ್ರಾಂ. ಅಂದರೆ ಒಂದೇ ಒಂದು ಮುದ್ದೆ ಕೀಟೋ ಮಾಡುವವರ ಇಡೀ ದಿನದ ಪಾಲನ್ನು ಮುಗಿಸಿಬಿಡುತ್ತದೆ. ವಿಜಯಪುರದ ಗೆಳತಿ ನಿಮ್ಮ ತಟ್ಟೆ ನೋಡಿ ಗಾಬರಿ ಆಗುವುದು ಸುಮ್ನೆ ಅಲ್ಲ. ಅವರ ಲೆಕ್ಕದಲ್ಲಿ ಅದು ನಿಜವಾಗಲೂ ಜಾಸ್ತಿ. ಆದರೆ ಅದು ಅವರ ಲೆಕ್ಕ. 2024ರಲ್ಲಿ ಅದೇ ಪೋಷಣಾ ಸಂಸ್ಥೆ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಒಂದು ದಿನದ ಊಟಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಅಥವಾ ಮೊಟ್ಟೆ ಮಾಂಸ, 300 ಮಿಲಿ ಹಾಲು ಮೊಸರು, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಅಂತ ಇದೆ. ನೀವು ಆಫೀಸಿನಲ್ಲಿ ಕೂತು ಕೆಲಸ ಮಾಡುವವರು, ನಿಮಗೆ ಇದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಹಾಗಿದ್ದರೂ ಒಂದು ಮುದ್ದೆ, ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಒಂದು ಬಟ್ಟಲು ಅನ್ನ ಆರಾಮವಾಗಿ ಅದರೊಳಗೆ ಕೂರುತ್ತದೆ.

ಮುದ್ದೆಯ ತಪ್ಪು ಇರುವುದು ಬೇರೆ ಕಡೆ. ಅದನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಐದು ನಿಮಿಷದಲ್ಲಿ ಊಟ ಮುಗಿಯುತ್ತದೆ. ಹೊಟ್ಟೆ ತುಂಬಿತು ಅಂತ ತಲೆಗೆ ಗೊತ್ತಾಗುವ ಮೊದಲೇ ಎರಡನೆಯದು ತಟ್ಟೆಗೆ ಬಿದ್ದಿರುತ್ತದೆ. ಗದ್ದೆಯಲ್ಲಿ ದುಡಿದು ಬಂದ ನಿಮ್ಮ ಅಪ್ಪನಿಗೆ ಎರಡು ಬೇಕು. ನಿಮಗೆ ಒಂದು ಸಾಕು. ಎರಡನೆಯ ತಪ್ಪು ಸಾರಿನದ್ದು. ಬೆಂಗಳೂರಿನ ರೂಮುಗಳಲ್ಲಿ ಮುದ್ದೆಗೆ ಟೊಮೆಟೊ ತಿಳಿಸಾರು ಮಾಡಿ ಮುಗಿಸುತ್ತಾರೆ. ಆಗ ಅದು ನಿಜವಾಗಲೂ ‘ಬರೀ ಕಾರ್ಬ್’. ಮಂಡ್ಯದ ಕಡೆ ಮುದ್ದೆಗೆ ಜೊತೆ ಯಾವುದು? ಬಸ್ಸಾರು, ಉಪ್ಸಾರು, ಹುರಳಿಕಾಳು ಸಾರು, ಅವರೆಕಾಳು, ಮೊಳಕೆ ಹುರುಳಿ, ಮೇಲೆ ಸೊಪ್ಪಿನ ಪಲ್ಯ. ಪ್ರೋಟೀನ್ ಆಗುವುದು ಅಮೈನೊ ಆಮ್ಲಗಳಿಂದ. ಬೇಳೆಕಾಳಿನಲ್ಲಿ ಮೆಥಿಯೊನಿನ್ ಎಂಬ ಅಮೈನೊ ಆಮ್ಲ ಕಡಿಮೆ, ಧಾನ್ಯದಲ್ಲಿ ಲೈಸಿನ್ ಕಡಿಮೆ. ಎರಡೂ ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಅಜ್ಜಿಗೆ ಅಮೈನೊ ಆಮ್ಲದ ಹೆಸರು ಗೊತ್ತಿರಲಿಲ್ಲ, ಆದರೆ ಕಾಳಿಲ್ಲದೆ ಸಾರು ಮಾಡಿದ್ದು ನಾನಂತೂ ನೋಡಿಲ್ಲ.

ನಿಮ್ಮ ಪ್ರೋಟೀನ್ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭಾರ ಎತ್ತದವರಿಗೆ ಪ್ರತಿ ಕೆಜಿಗೆ 0.83 ಗ್ರಾಂ. 54 ಕೆಜಿಗೆ 45 ಗ್ರಾಂ. ಒಂದು ಮುದ್ದೆಯಲ್ಲಿ 5. ಸಾರಿಗೆ ನಿಮ್ಮ ಪಾಲಿನ 40 ಗ್ರಾಂ ಕಾಳು ಹಾಕಿದರೆ 9. ಹಾಲು ಮೊಸರು ಸೇರಿ 300 ಮಿಲಿ ಆದರೆ 9 ಅಥವಾ 10. ಎರಡು ಮೊಟ್ಟೆಯಲ್ಲಿ 12. ಇಡ್ಲಿ, ಅನ್ನದಿಂದ ಇನ್ನೊಂದು 8ರಿಂದ 10. ಮುಗಿಯಿತು. ಮೊಟ್ಟೆ ಬೇಡದ ದಿನ ಒಂದು ಹಿಡಿ ಶೇಂಗಾ, ಇನ್ನೊಂದು ಸೌಟು ಕಾಳು. ಗೆಳತಿಯ ಡಬ್ಬಿಯಿಂದ ಸ್ಕೂಪ್ ತೆಗೆಯುವುದನ್ನು ನಿಲ್ಲಿಸಿ. ಆ ಪುಡಿಯ ಬೆಲೆ ನೋಡಿದರೆ ಜಗಳಕ್ಕೆ ಅದೂ ಒಂದು ಕಾರಣ ಇರಬಹುದು.

ನಾಳೆಯಿಂದ ಏನು ಮಾಡಬೇಕು? ಬೆಳಿಗ್ಗೆ ಮನೆ ಬಿಡುವ ಮೊದಲು ಏನಾದರೂ ತಿನ್ನಿ. ಅಡುಗೆ ಮಾಡಲು ಹೊತ್ತಿಲ್ಲ ಅಂದರೆ ಹಿಂದಿನ ರಾತ್ರಿ ಕಾಯಿಸಿಟ್ಟ ರಾಗಿ ಅಂಬಲಿಗೆ ಮಜ್ಜಿಗೆ, ಈರುಳ್ಳಿ ಹಾಕಿ ಕುಡಿದು, ಒಂದು ಬೇಯಿಸಿದ ಮೊಟ್ಟೆ ತಿನ್ನಿ. ಮಧ್ಯಾಹ್ನದ ಡಬ್ಬಿಗೆ ಅನ್ನ ವಾಪಸ್ ಬರಲಿ, ಪಲ್ಯ ಅನ್ನದಷ್ಟೇ ಇರಲಿ. ಸಂಜೆ ಐದಕ್ಕೆ ಹಣ್ಣು ಅಥವಾ ಶೇಂಗಾ. ರಾತ್ರಿ ಮುದ್ದೆ. ಕಾಫಿ, ಟೀ ಮಾತ್ರ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಆಮೇಲೆ. ಊಟದ ಜತೆ ಕುಡಿದರೆ ಊಟದಲ್ಲಿರುವ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ನಿಮ್ಮ ಮನೆಯ ನಾಲ್ವರಲ್ಲಿ ಇಬ್ಬರಿಗೆ ಇದ್ದರೆ ನನಗೆ ಆಶ್ಚರ್ಯ ಇಲ್ಲ. ಮೊದಲ ವಾರ ತೂಕ ಒಂದು ಕೆಜಿ ಏರಬಹುದು. ಮೇಲೆ ಹೇಳಿದೆನಲ್ಲ, ಅದೇ ನೀರು ವಾಪಸ್ ಬಂತು, ಅಷ್ಟೇ. ಯಂತ್ರವನ್ನು ಮಂಚದ ಕೆಳಗೆ ತಳ್ಳಿ.

ಇನ್ನು ಅಡುಗೆಮನೆ. ಇದು ಪೋಷಣೆಯ ಪ್ರಶ್ನೆ ಅಲ್ಲ ಅಂತ ಬಿಡಬಹುದಿತ್ತು. ಆದರೆ ಅಡುಗೆಮನೆಯಲ್ಲಿ ಜಗಳ ಇದ್ದರೆ ಯಾರೂ ಅಡುಗೆ ಮಾಡುವುದಿಲ್ಲ, ಎಲ್ಲರೂ ಫೋನಿನಲ್ಲಿ ಆರ್ಡರ್ ಮಾಡುತ್ತಾರೆ. ಆಮೇಲೆ ಕೀಟೋ ಏನು, ಮುದ್ದೆ ಏನು.

ನಾನು ಹಾಸನದವಳು, ಓದಿದ್ದು ಧಾರವಾಡದಲ್ಲಿ. ಕೊನೆಯ ವರ್ಷ ಐದು ಹುಡುಗಿಯರು ಸೇರಿ ರೂಮು ಮಾಡಿದ್ದೆವು. ಒಬ್ಬಳು ಬೆಳಗಾವಿಯವಳು, ಒಬ್ಬಳು ಕಾರವಾರದವಳು. ಮೊದಲ ತಿಂಗಳು ಐದು ಜನಕ್ಕೂ ಹೊಂದುವ ಅಡುಗೆ ಮಾಡಲು ಹೋಗಿ ಯಾರಿಗೂ ಸೇರದ ಅಡುಗೆ ಆಗುತ್ತಿತ್ತು. ಸಾರಿಗೆ ಬೆಲ್ಲ ಹಾಕಿದರೆ ಒಬ್ಬಳಿಗೆ ಆಗದು, ಹಾಕದಿದ್ದರೆ ನನಗೆ ಆಗದು. ಕೊನೆಗೆ ಬೆಳಗಾವಿಯವಳೇ ದಾರಿ ಹುಡುಕಿದಳು. ನಡುವಿನದ್ದು ಎಲ್ಲರದ್ದು, ಪಕ್ಕದ್ದು ಅವರವರದ್ದು. ನಡುವೆ ಪಲ್ಯ, ಬೇಳೆ, ಮಜ್ಜಿಗೆ. ರೊಟ್ಟಿ ಬೇಕಾದವರು ರೊಟ್ಟಿ ಬಡಿಯಲಿ, ಅನ್ನ ಬೇಕಾದವರು ಅನ್ನ ಇಡಲಿ, ಕಾರವಾರದವಳು ಒಣಮೀನು ಹುರಿಯಲಿ, ಕಿಟಕಿ ತೆಗೆದು.

ನಿಮ್ಮ ಮನೆಗೂ ಅದನ್ನೇ ಹೇಳುತ್ತೇನೆ. ದಿನಾ ಒಂದು ಸೊಪ್ಪು ಅಥವಾ ತರಕಾರಿ ಪಲ್ಯ, ಈರುಳ್ಳಿ ಬೆಳ್ಳುಳ್ಳಿ ಒಗ್ಗರಣೆಯ ಬಗ್ಗೆ ಎಲ್ಲರೂ ಒಪ್ಪಿದ ಹಾಗೆ. ಒಂದು ಕಾಳು ಸಾರು. ಒಂದು ಸೌತೆಕಾಯಿ ಕೋಸಂಬರಿ. ಇದು ಸಾಮಾನ್ಯ ಅಡುಗೆ, ಸರದಿ ಮೇಲೆ. ವಿಜಯಪುರದವರು ಪಲ್ಯಕ್ಕೆ ಪನೀರು ಹುರಿದು ಹಾಕಿಕೊಳ್ಳಲಿ; ಕಾಳು ಸಾರು ಅವರ ಕೀಟೋಗೆ ಹೊಂದುವುದಿಲ್ಲ, ಒಗ್ಗರಣೆ ಹಾಕಿದ ಮಜ್ಜಿಗೆ ಸಾಕು. ಅವರ ಸಲುವಾಗಿ ಆಲೂಗಡ್ಡೆಯನ್ನು ಪಲ್ಯಕ್ಕೆ ಹಾಕದೆ ಬೇರೆ ಬೇಯಿಸಿ. ದಾವಣಗೆರೆಯವರು ಮೊಟ್ಟೆ ಮೇಲೆ ಒಡೆದುಕೊಳ್ಳಲಿ. ಮಂಗಳೂರಿನವರಿಗೆ ಕುಚ್ಚಲಕ್ಕಿ ಬೇಕು, ಬೇಯಲು ಹೊತ್ತು ಬೇಕು, ಗ್ಯಾಸೂ ಜಾಸ್ತಿ. ಕುಕ್ಕರಿನಲ್ಲಿ ಎರಡು ದಿನದ್ದು ಒಟ್ಟಿಗೆ ಮಾಡಿ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಲಿ. ಬೆಂದ ಅನ್ನ ಯಾವುದೇ ಇರಲಿ, ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ. ಬೆಂದ ಮೇಲೂ ಸಾಯದ ಒಂದು ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತದೆ. ಅದು ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ದುಡ್ಡಿನ ವಿಷಯಕ್ಕೂ ಇದೇ ಗೆರೆ. ಅಕ್ಕಿ, ರಾಗಿ, ಬೇಳೆ, ಎಣ್ಣೆ, ತರಕಾರಿ, ಹಾಲು, ಗ್ಯಾಸು ನಾಲ್ಕು ಪಾಲು. ಪನೀರು, ಚೀಸು, ಬಾದಾಮಿ, ಚಿಕನ್, ಮೀನು, ಪುಡಿ ತಿನ್ನುವವರ ಪಾಲು. ಅಕ್ಕಿ ತಿನ್ನದವರು ಅಕ್ಕಿಗೆ ಯಾಕೆ ಕೊಡಬೇಕು ಅಂತ ವಿಜಯಪುರದವರು ಕೇಳಬಹುದು. ಕೇಳಿದರೆ ನ್ಯಾಯವೇ. ಅಕ್ಕಿ, ರಾಗಿಯನ್ನು ಮೂರು ಪಾಲು ಮಾಡಿ, ಅದರಲ್ಲಿ ಹೋಗುವುದು ಬಹಳ ಇಲ್ಲ. ನಾಲ್ಕು ಪಾಲಿನಲ್ಲಿ ಪನೀರು, ಬಾದಾಮಿ ಸೇರಿಸಿದ್ದರಿಂದಲೇ ನಿಮಗೆ ಭಾರ ಆಗುತ್ತಿದೆ ಅಂತ ನನ್ನ ಊಹೆ.

ಮೀನು, ಮಾಂಸದ್ದು ಸೂಕ್ಷ್ಮ. ಇಲ್ಲಿ ಯಾರು ಮೇಲು ಅನ್ನುವ ಚರ್ಚೆಗೆ ಇಳಿಯಬೇಡಿ, ಅದು ಮುಗಿಯುವುದಿಲ್ಲ. ಹುಟ್ಟಿದಾಗಿನಿಂದ ಮೀನಿನ ಸಾರು ತಿಂದವರಿಗೆ ಬಂಗುಡೆಯ ಪರಿಮಳ ಅಂದರೆ ಊಟ. ಹುಟ್ಟಿದಾಗಿನಿಂದ ತಿನ್ನದವರಿಗೆ ಅದೇ ವಾಸನೆಗೆ ಹೊಟ್ಟೆ ತೊಳಸುತ್ತದೆ. ಇಬ್ಬರೂ ನಾಟಕ ಮಾಡುತ್ತಿಲ್ಲ. ಮೀನಿಗೆ ಬೇರೆ ಕಾವಲಿ, ಬೇರೆ ಚಾಕು, ಬೇರೆ ಮಣೆ ಇರಲಿ. ಬಾಲ್ಕನಿ ಇದ್ದರೆ ಅಲ್ಲೊಂದು ಇಂಡಕ್ಷನ್ ಸ್ಟವ್. ಹಸಿ ಮೀನು, ಚಿಕನ್ ಮುಚ್ಚಳ ಇರುವ ಡಬ್ಬಿಯಲ್ಲಿ ಫ್ರಿಜ್ಜಿನ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ. ಮೇಲಿಟ್ಟರೆ ಅದರ ನೀರು ಸೊಪ್ಪಿನ ಮೇಲೆ ತೊಟ್ಟಿಕ್ಕುತ್ತದೆ. ಇದು ಮಡಿಯ ಮಾತಲ್ಲ, ಭೇದಿ ಆಗದಿರಲು. ವಾರ ಹಂಚಿಕೊಳ್ಳುವುದು ಸುಲಭ. ನಮ್ಮಲ್ಲಿ ಮಾಂಸ ತಿನ್ನುವ ಎಷ್ಟೋ ಮನೆಗಳಲ್ಲಿ ಸೋಮವಾರ, ಶನಿವಾರ, ಶ್ರಾವಣದಲ್ಲಿ ಹೇಗೂ ಇಲ್ಲ. ಮೂವರ ವಾರಗಳನ್ನು ಒಂದು ಹಾಳೆಯಲ್ಲಿ ಬರೆದರೆ ವಾರಕ್ಕೆ ಎರಡು ದಿನ ಮೀನಿನ ದಿನ ತಾನಾಗಿ ಸಿಗುತ್ತದೆ. ಆ ದಿನ ವಿಜಯಪುರದವರು ಮೊದಲು ಉಂಡು ಎದ್ದರೆ ಆಯಿತು.

ಭಾನುವಾರ ಒಂದು ಹೊತ್ತು ಮಾತ್ರ ನಾಲ್ವರೂ ಒಟ್ಟಿಗೆ ಕೂತು ಉಣ್ಣಿ. ಆವತ್ತು ಡಯಟ್ ಮಾತು ಬೇಡ ಅಂತ ಒಪ್ಪಂದ ಮಾಡಿಕೊಳ್ಳಿ. ಜತೆಗಿರುವವರ ಊಟ ನಮ್ಮ ಊಟವನ್ನು ಬದಲಿಸುವುದು ನಿಜ. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 12,067 ಜನರನ್ನು 32 ವರ್ಷ ಹಿಂಬಾಲಿಸಿದ ದಾಖಲೆ ತೆಗೆದು ನೋಡಿ, 2007ರಲ್ಲಿ ಕ್ರಿಸ್ಟಾಕಿಸ್ ಮತ್ತು ಫೌಲರ್ ಒಂದು ವಿಷಯ ಹೇಳಿದರು. ಗೆಳೆಯ ಸ್ಥೂಲಕಾಯ ಆದರೆ ಇನ್ನೊಬ್ಬ ಗೆಳೆಯ ಹಾಗಾಗುವ ಸಂಭವ ನೂರಕ್ಕೆ 57ರಷ್ಟು ಹೆಚ್ಚುತ್ತದೆ ಅಂತ. ಒಬ್ಬರನ್ನು ನೋಡಿ ಇನ್ನೊಬ್ಬರು ಹಾಗಾದರಾ, ಮೊದಲೇ ಒಂದೇ ಥರದವರು ಜತೆಯಾದರಾ ಎಂಬ ವಾದ ಆಮೇಲೆ ಬಹಳ ನಡೆಯಿತು. ನಿಮ್ಮ ಮನೆಯಲ್ಲಿ ಉಲ್ಟಾ ನಡೆದಿದೆ, ಅಷ್ಟೇ ವ್ಯತ್ಯಾಸ. ಮೂವರು ಬಿಟ್ಟರು, ನಾಲ್ಕನೆಯವರಿಗೆ ತಿನ್ನಲು ನಾಚಿಕೆ ಆಯಿತು.

ಆ ನಾಚಿಕೆಯ ಬಗ್ಗೆ ಒಂದು ಮಾತು. ಕದ್ದು ತಿನ್ನುತ್ತೇನೆ ಅಂತ ಬರೆದಿದ್ದೀರಿ. ಹಗಲು ಸರಿಯಾಗಿ ಉಣ್ಣಲು ಶುರು ಮಾಡಿದ ಎರಡು ಮೂರು ವಾರದಲ್ಲಿ ಅದು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ, ಅಥವಾ ತಿಂದ ಮೇಲೆ ವಾಂತಿ ಮಾಡಬೇಕು, ನಾಳೆ ಏನೂ ತಿನ್ನಬಾರದು ಅಂತ ಅನಿಸುತ್ತಿದ್ದರೆ, ಅದು ನನ್ನ ಕೈಯಲ್ಲಿ ಮುಗಿಯುವ ವಿಷಯ ಅಲ್ಲ. ಮನೋವೈದ್ಯರನ್ನು ನೋಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಕೂದಲು ಉದುರುವುದಕ್ಕೆ ಗಾಬರಿ ಬೇಡ. ಊಟ ದಿಢೀರ್ ಕಡಿಮೆ ಆದ ಎರಡು ಮೂರು ತಿಂಗಳ ಮೇಲೆ ಹೀಗಾಗುವುದು ಸಾಮಾನ್ಯ. ನಿಮ್ಮ ತಿಂಗಳ ಲೆಕ್ಕವೂ ಸರಿಯಾಗಿ ಕೂರುತ್ತದೆ. ಊಟ ಸರಿಹೋದರೆ ಕೂದಲು ಬರುತ್ತದೆ, ಆದರೆ ಅದಕ್ಕೂ ಕೆಲವು ತಿಂಗಳು ಬೇಕು. ಎಣ್ಣೆ, ಮಾತ್ರೆ ಅಂತ ಖರ್ಚು ಮಾಡುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತಿಳಿಸುವುದು), ಬಿ12, ಥೈರಾಯ್ಡಿನ ಟಿಎಸ್‌ಎಚ್ ಇಷ್ಟು ಪರೀಕ್ಷೆ ಮಾಡಿಸಿ. ಬಿ12 ವಿಜಯಪುರದ ಗೆಳತಿಯೂ ಮಾಡಿಸಲಿ. ಮುಟ್ಟು ತಡವಾಗಲು ಬೇರೆ ಕಾರಣಗಳೂ ಇರುತ್ತವೆ. ಮೂರು ತಿಂಗಳು ಬರಲೇ ಇಲ್ಲ ಅಂದರೆ ಕಾಯಬೇಡಿ, ಸ್ತ್ರೀರೋಗ ತಜ್ಞರನ್ನು ಕಾಣಿ.

ರಿಪೋರ್ಟ್ ಬಂದ ಮೇಲೆ ಬರೆಯಿರಿ. ಬರೆಯುವಾಗ ನಿಮ್ಮ ಒಂದು ಮುದ್ದೆಗೆ ಎಷ್ಟು ಹಿಟ್ಟು ಹಿಡಿಯುತ್ತದೆ ಅಂತ ತೂಗಿ ತಿಳಿಸಿ. ನಾನು 75 ಗ್ರಾಂ ಅಂದುಕೊಂಡೆ. ನಾಗಮಂಗಲದ ಮುದ್ದೆ ಅಷ್ಟು ಚಿಕ್ಕದಿರುತ್ತದೆ ಅಂತ ನನಗೆ ನಂಬಿಕೆ ಇಲ್ಲ.